ಅಡಿಗೆಮನೆಗೆ ಬಂದ ಚಪ್ಪಲಿ

ಖಡಕಿ, ಪುಣೆ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಭಾಮಕ್ಕನಿಗೆ,

ನಿನ್ನ ತಂಗಿ ನೀಲಿಮಾ ಮಾಡುವ ನಮಸ್ಕಾರಗಳು. ಇದರ ಮುಂದೆ ‘ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು’ ಎಂಬ ಸಾಲು ಬರಬೇಕು. ಅಪ್ಪ ನಮಗೆ ಕಲಿಸಿದ್ದೇ ಹಾಗೆ. ಈ ಸಲ ಬರೆಯುವುದಿಲ್ಲ. ಏಳು ವರ್ಷ ಕಂಡಕಂಡವರಿಗೆಲ್ಲ ‘ಆರಾಮಿದ್ದೇನೆ’ ಎಂದು ಹೇಳಿ ಹೇಳಿ ಆ ಶಬ್ದದ ಮೇಲೇ ನನಗೆ ಸಿಟ್ಟು ಬಂದಿದೆ.

ದೀಪಾವಳಿಗೆ ನೀನು ಕಳಿಸಿದ ಚಕ್ಕುಲಿ ಡಬ್ಬಿಯೊಳಗಿನ ಚೀಟಿಗೆ ಉತ್ತರ ಬರೆಯಲಿಲ್ಲ. ಸಂಕ್ರಮಣದ ದಿನ ನೀನು ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ತಪ್ಪಾಯಿತು. ಆದರೆ ಫೋನಿನಲ್ಲಿ ನಾನು ‘ಕಾಲು’ ಎನ್ನುವಷ್ಟರಲ್ಲಿ ನೀನು ‘ಬೇವಿನ ಎಣ್ಣಿ ಹಚ್ಚು’ ಎನ್ನುತ್ತೀ. ಇತ್ತ ಇವರು ಟಿವಿಯ ದನಿ ಸಣ್ಣದು ಮಾಡಿ ತಮ್ಮ ಕಿವಿ ದೊಡ್ಡದು ಮಾಡುತ್ತಾರೆ. ಕಾಗದವಾದರೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಅದಕ್ಕೇ ಹೊಲಿಗೆ ಕ್ಲಾಸಿನ ಹಳೆಯ ನೋಟುಬುಕ್ಕಿನ ಹಾಳೆ ಹರಿದುಕೊಂಡು, ಕಾಲನ್ನು ಎರಡು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದೇನೆ.

ಇಲ್ಲಿ ಸಂಕ್ರಮಣಕ್ಕೆ ಮನೆಮನೆಗೆ ಬಂದು ‘ತಿಳಗೂಳ ಘ್ಯಾ, ಗೋಡ ಬೋಲಾ’ ಎನ್ನುತ್ತಾರಲ್ಲ, ಎಳ್ಳುಬೆಲ್ಲ ತಿಂದು ಸಿಹಿ ಮಾತಾಡು ಎಂದು. ಈ ವರ್ಷ ಬಂದವರಿಗೆಲ್ಲ, ಎಳ್ಳುಬೆಲ್ಲ ಕೊಡಿ, ಮಾತಿನ ಭರವಸೆ ಕೊಡಲಾರೆ ಎಂದೆ. ಮೇಲಿನ ಮನೆಯ ವಹಿನಿ ನಕ್ಕರು. ನಾನು ನಗಲಿಲ್ಲ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೆಯ ಪುಟ ಮೊದಲು ತಿರುವಿ ನೋಡುತ್ತೀ. ಇದೇ ಮೂರನೇ ತಾರೀಖು ನನ್ನ ಬಲಗಾಲಿನ ಹೆಬ್ಬೆರಳಿನ ಆಪರೇಶನ್ ಆಯಿತು. ಹೆದರಬೇಡ. ಉಗುರಿನ ಕೆಳಗೆ ಹೆಸರುಕಾಳಿನಷ್ಟು ಒಂದು ಗಂಟು ಇತ್ತು, ತೆಗೆದರು. ಕ್ಯಾನ್ಸರ್ ಅಲ್ಲ. ಪರೀಕ್ಷೆಗೆ ಕಳಿಸಿದ್ದರು, ಬುಧವಾರ ರಿಪೋರ್ಟ್ ಬಂತು. ಅದಕ್ಕೆ ಗ್ಲೋಮಸ್ ಟ್ಯೂಮರ್ ಎನ್ನುತ್ತಾರಂತೆ. ಬೆರಳ ತುದಿಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಒಂದಕ್ಕೊಂದು ಕೂಡುವ ಜಾಗಗಳಿರುತ್ತವಂತೆ. ಚಳಿಯಾದರೆ ಮುಚ್ಚಿಕೊಂಡು ಸೆಕೆಯಾದರೆ ತೆರೆದುಕೊಂಡು ಮೈಯ ಬಿಸಿ ಕಾಯುವುದು ಅವುಗಳ ಕೆಲಸ. ಅಂಥದೊಂದು ಜಾಗ ತನ್ನ ಅಳತೆ ಮೀರಿ ಬೆಳೆದರೆ ಈ ಗಂಟು. ಅದಕ್ಕೇ ತಣ್ಣಗಿನದು ಏನು ತಾಗಿದರೂ ಜೀವ ಹೋಗುವಂಥ ನೋವು.

ಇಷ್ಟನ್ನು ಹೇಳಲು ಕೊನೆಗೆ ಸಿಕ್ಕ ಡಾಕ್ಟರಿಗೆ ಐದು ನಿಮಿಷ ಸಾಕಾಯಿತು. ಕಂಡುಹಿಡಿಯಲು ಹತ್ತು ನಿಮಿಷ. ಮತ್ತೆ ನನ್ನ ಏಳು ವರ್ಷ ಎಲ್ಲಿಗೆ ಹೋದವು ಅಕ್ಕಾ? ಅವನ್ನು ಯಾರು ತಂದು ಕೊಡುತ್ತಾರೆ?

ನಿನಗೆ ಎಲ್ಲ ತುಂಡುತುಂಡಾಗಿ ಗೊತ್ತು, ಒಟ್ಟಾಗಿ ಗೊತ್ತಿಲ್ಲ. ಮೊದಲು ನಮ್ಮ ಫ್ಯಾಮಿಲಿ ಡಾಕ್ಟರು ಯೂರಿಕ್ ಆಸಿಡ್ ಎಂದರು. ತೊಗರಿಬೇಳೆ ಬಿಡಿಸಿದರು. ಧಾರವಾಡದಲ್ಲಿ ಹುಟ್ಟಿದವಳು ಎರಡು ವರ್ಷ ಸಾರಿಲ್ಲದೆ ಉಂಡೆ. ನೋವು ಬೇಳೆಯನ್ನು ಕೇಳಲಿಲ್ಲ. ಆಮೇಲೆ ಉಗುರಿನ ಮೇಲೆ ಒಂದು ಗೀರು ಎದ್ದು, ಬುಡದಲ್ಲಿ ನೀಲಿ ಛಾಯೆ ಕಾಣಿಸಿತು. ಉಗುರಿಗೆ ಬೂಷ್ಟು ಹಿಡಿದಿದೆ ಎಂದು ಒಬ್ಬರು ಆರು ತಿಂಗಳು ಬಣ್ಣ ಬಳಿಸಿದರು. ಇನ್ನೊಬ್ಬ ದೊಡ್ಡ ಮೂಳೆ ಡಾಕ್ಟರು, ಅವರ ಕೋಣೆಯ ಹೊರಗೆ ಮೂರು ತಾಸು ಕಾಯಬೇಕು, ನನ್ನ ಬೆನ್ನಿನ ಎಂಆರ್‌ಐ ಮಾಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬೆನ್ನಿನಲ್ಲಿ ಏನೂ ಸಿಗಲಿಲ್ಲ. ಬೆನ್ನಿನಲ್ಲಿ ಸಿಗದಿದ್ದದ್ದು ತಲೆಯಲ್ಲಿ ಇರಲೇಬೇಕಲ್ಲ. ತಲೆಯ ಡಾಕ್ಟರ ಕಡೆ ಕಳಿಸಿದರು.

ಆ ಮೂಳೆ ಡಾಕ್ಟರಿಗೆ ನಾನು ಹೇಳಿದ್ದೆ. ನಮ್ಮ ಹೊಲಿಗೆಯವರ ಗುಂಡುಸೂಜಿ ಇರುತ್ತದಲ್ಲ, ಅದರ ತಲೆಯಿಂದ ಉಗುರಿನ ಮೇಲೆ ಅಲ್ಲಲ್ಲಿ ಒತ್ತಿ ಮನೆಯಲ್ಲೇ ನೋಡಿಕೊಂಡಿದ್ದೆ. ಎಲ್ಲ ಕಡೆ ಏನೂ ಇಲ್ಲ, ಒಂದೇ ಒಂದು ಬಿಂದುವಿನಲ್ಲಿ ಕೆಂಡ. ಅಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟುಕೊಂಡು ಹೋಗಿದ್ದೆ. ಅವರು ಚುಕ್ಕೆ ನೋಡಿ ನಕ್ಕು, “ಪಿನ್ನಿನ ತಲಿಯಷ್ಟು ಜಾಗಾಕ್ಕ ಇಷ್ಟು ದೊಡ್ಡ ಸುದ್ದಿ?” ಎಂಬರ್ಥದ ಮಾತನ್ನು ಮರಾಠಿಯಲ್ಲಿ ಇವರಿಗೆ ಹೇಳಿದರು. ನನಗಲ್ಲ, ಇವರಿಗೆ. ಇವರೂ ನಕ್ಕರು.

ಇವರ ವಿಷಯ ಬರೆಯದೆ ಬಿಟ್ಟರೆ ಈ ಕಾಗದ ಪೂರ್ತಿಯಾಗುವುದಿಲ್ಲ. ಮಧುಕರ್ ಕುಲಕರ್ಣಿ, ಖಡಕಿ ಫ್ಯಾಕ್ಟರಿಯಲ್ಲಿ ಮೂವತ್ತಾರು ವರ್ಷ ಸರ್ವೀಸು, ಒಂದು ಸ್ಕ್ರೂ ಸಡಿಲಾದರೆ ದನಿಯಿಂದಲೇ ಹೇಳುತ್ತಾರೆ. ಮನೆಯಲ್ಲಿ ಹೆಂಡತಿ ಚೀರಿದರೆ ಯಾವ ಭಾಗ ಸಡಿಲಾಗಿದೆ ಎಂದು ತಿಳಿಯುವುದಿಲ್ಲ. ಪ್ರತಿ ಡಾಕ್ಟರ ಎದುರೂ ಒಂದೇ ಆಟ. ಡಾಕ್ಟರು ನನ್ನ ಕಾಲನ್ನು ಕೇಳಿದರೆ ಇವರ ಬಾಯಿ ಉತ್ತರ ಕೊಡುತ್ತಿತ್ತು. “ತಿಲಾ ಜರಾ ಟೆನ್ಶನ್ ಆಹೆ, ಡಾಕ್ಟರ್.” ಅವಳಿಗೆ ಸ್ವಲ್ಪ ಟೆನ್ಶನ್. ಮುಟ್ಟು ನಿಂತ ಮೇಲೆ ಹೀಗಾಯಿತು. ಮಗಳು ಮದುವೆಯಾಗಿ ಹೋದ ಮೇಲೆ ಹೀಗಾಯಿತು. ನನಗೆ ನೋವು ಶುರುವಾದದ್ದು ಮಗಳ ಮದುವೆಗೆ ಎರಡು ವರ್ಷ ಮೊದಲು ಎಂದು ಹೇಳಲು ಬಾಯಿ ತೆರೆದರೆ, “ನೋಡ್ರಿ, ಹಿಂಗ ಸಿಟ್ಟಿಗೇಳತಾಳ” ಎಂದು ಅದನ್ನೂ ರೋಗದ ಲೆಕ್ಕಕ್ಕೆ ಸೇರಿಸುತ್ತಿದ್ದರು.

ತಲೆಯ ಡಾಕ್ಟರು ಕೊಟ್ಟ ಮಾತ್ರೆ ಎರಡೂವರೆ ವರ್ಷ ತಿಂದೆ. ಬೆಳಿಗ್ಗೆ ಹತ್ತರವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ಕತ್ತರಿ ಹಿಡಿದರೆ ಗೆರೆ ಬಿಟ್ಟು ಹೋಗುತ್ತಿತ್ತು. ಮಶೀನಿನ ಪೆಡಲ್ ಒತ್ತುವುದು ಬಲಗಾಲಿನಿಂದ, ಅದರಲ್ಲೂ ಹೆಬ್ಬೆರಳಿನಿಂದ. ಒಂದು ಬ್ಲೌಸಿನ ತೋಳು ಕೂಡಿಸುವಷ್ಟರಲ್ಲಿ ಎರಡು ಸಲ ಎದ್ದು ಓಡಾಡಬೇಕು. ಕೊನೆಗೆ ಕ್ಲಾಸು ನಿಲ್ಲಿಸಿದೆ. ಹನ್ನೊಂದು ಹುಡುಗಿಯರು ಕಲಿಯುತ್ತಿದ್ದರು. ಇಪ್ಪತ್ತೆರಡು ವರ್ಷ ಕಟ್ಟಿದ್ದು. ಇವರು, “ಬಿಡು, ಇನ್ನ ಆರಾಮ ಮಾಡು” ಎಂದರು. ನನ್ನ ಕೈಯಿಂದ ಕತ್ತರಿ ಕಸಿದುಕೊಂಡವರು ನನಗೆ ರಜೆ ಕೊಟ್ಟೆವು ಎಂದುಕೊಂಡರು.

ಈಗ ಕೇಳು, ಕಂಡುಹಿಡಿದವರು ಯಾರು ಎಂದು. ಸಾಬವ್ವ. ನಮ್ಮ ಮನೆಗೆ ಕಸಮುಸುರೆಗೆ ಬರುವವಳು. ಯಾದಗಿರಿ ಕಡೆಯವಳು, ಗಂಡ ಇಲ್ಲೇ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾನೆ. ನವೆಂಬರಿನಲ್ಲಿ ಒಂದು ದಿನ ಫರಸಿ ಒರೆಸುತ್ತಾ ಒರೆಸುತ್ತಾ ನಿಂತು ನನ್ನ ಕಾಲು ನೋಡಿದಳು.

“ಅವ್ವಾರ, ನಾ ಹಸಿ ಅರಿವಿ ಹಾಕಿದ್ ಮ್ಯಾಲ ನೀವು ಬಲಗಾಲ ಅಷ್ಟೇ ಎತ್ತತೀರಿ. ಎಡಗಾಲ ಎತ್ತಂಗಿಲ್ಲ. ದಿನಾ ನೋಡಾಕತ್ತೀನ್ರಿ.”

ನಾನು ಬಲಗಾಲನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡೆ.

“ನಮ್ಮ ನೆಗೆಣ್ಣಿಗಿ ಹಿಂಗೇ ಇತ್ರಿ, ಕೈಬೆರಳಾಗ. ನೀರ ಮುಟ್ಟಿದ್ರ ಕುಣಿತಿದ್ದಳು. ಮೈಯಾಗ ದೇವರು ಬರತಾದ ಅಂತ ಗುಡಿಗಿ ಕರ್ಕೊಂಡ ಹೋಗಿದ್ರು. ಇಲ್ಲಿ ಸರಕಾರಿ ದವಾಖಾನ್ಯಾಗ ಉಗರ ಎಬ್ಬಿಸಿ ಜ್ವಾಳದ ಕಾಳಿನಷ್ಟು ತೆಗದ್ರು ನೋಡ್ರಿ, ಈಗ ರೊಟ್ಟಿ ಬಡಿತಾಳ.”

ನಾಲ್ಕು ಡಾಕ್ಟರು ನನ್ನ ಫೈಲು ನೋಡಿದ್ದರು ಅಕ್ಕಾ, ಕಾಲನ್ನು ನೋಡಿದವಳು ಇವಳೊಬ್ಬಳೇ. ಅದೂ ಬಗ್ಗಿ ಕೆಲಸ ಮಾಡುತ್ತಿದ್ದವಳು.

ಸಾಬವ್ವನ ಜೊತೆ ಸರಕಾರಿ ದವಾಖಾನೆಗೆ ಹೋಗುತ್ತೇನೆ ಎಂದಾಗ ಇವರಿಗೆ ಮೊದಲ ಸಲ ನನ್ನ ಕಾಲಿನ ಚಿಂತೆಯಾಯಿತು. ಕಾಲಿನದಲ್ಲ, ಸೊಸೈಟಿಯವರು ನೋಡಿದರೆ ಎಂಬುದರದು. ತಾವೂ ಹೊರಟರು. ಚೀಟಿ ಮಾಡಿಸಲು ಒಂದು ಸಾಲು, ಕೂರಲು ಕಟ್ಟಿಗೆಯ ಬೆಂಚು. ಒಳಗೆ ಇದ್ದವಳು ನಮ್ಮ ಮಗಳ ವಯಸ್ಸಿನ ಹುಡುಗಿ, ಡಾ. ಆರತಿ. ಎಂದಿನಂತೆ ಅವಳು ನನ್ನನ್ನು ಕೇಳಿದಳು, ಇವರು ಗಂಟಲು ಸರಿಮಾಡಿಕೊಂಡರು. “ತಿಲಾ ಜರಾ ಟೆನ್ಶನ್...”

ಅವಳು ಕೈ ಎತ್ತಿದಳು. “ಕಾಕಾ, ತುಮ್ಹೀ ಜರಾ ಥಾಂಬಾ. ಕಾಕೂ, ತುಮ್ಹೀ ಸಾಂಗಾ.” ಕಾಕಾ, ನೀವು ಸ್ವಲ್ಪ ತಡೆಯಿರಿ. ಕಾಕೂ, ನೀವು ಹೇಳಿ.

ಏಳು ವರ್ಷದಲ್ಲಿ ಮೊದಲ ಸಲ ಯಾರೋ ನನಗೆ ‘ನೀವು ಹೇಳಿ’ ಎಂದದ್ದು. ಹೇಳಲು ಶುರು ಮಾಡಿದರೆ ಮರಾಠಿ ಮರೆತುಹೋಯಿತು. ಅರ್ಧ ಕನ್ನಡ, ಅರ್ಧ ಮರಾಠಿ ಹೇಳಿದೆ. ಅವಳು ನನ್ನ ಕಾಲನ್ನು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡು, ಫೈಲಿನಿಂದ ಒಂದು ಗುಂಡುಸೂಜಿ ಎಳೆದು, ಅದರ ತಲೆಯಿಂದ ಉಗುರಿನ ಮೇಲೆ ಮೆಲ್ಲಗೆ ಒತ್ತುತ್ತಾ ಬಂದಳು. ಆ ಬಿಂದುವಿಗೆ ಬಂದಾಗ ನಾನು ಮಂಚದಿಂದ ಅರ್ಧ ಎದ್ದೆ. ನಾನು ಮನೆಯಲ್ಲಿ ಮಾಡಿಕೊಂಡ ಅದೇ ಪರೀಕ್ಷೆ. ಪುಸ್ತಕದಲ್ಲೇ ಇದೆಯಂತೆ. ನನ್ನ ಚುಕ್ಕೆ ನೋಡಿ ನಕ್ಕವರೂ ಅದೇ ಪುಸ್ತಕ ಓದಿ ಪಾಸಾದವರಲ್ಲವೇ? ಆ ದಿನ ಅಲ್ಲೇ ನನಗೆ ನೋವಿಗಿಂತ ಸಿಟ್ಟು ಹೆಚ್ಚಾಯಿತು.

ಆಮೇಲೆ ಬಿಪಿ ನೋಡುವ ಪಟ್ಟಿಯನ್ನು ಮೊಣಕಾಲಿನ ಕೆಳಗೆ ಸುತ್ತಿ ಬಿಗಿಯಾಗಿ ಗಾಳಿ ತುಂಬಿದಳು. ರಕ್ತ ಕೆಳಗೆ ಹೋಗದ ಹಾಗೆ. ಮತ್ತೆ ಅದೇ ಬಿಂದುವಿಗೆ ಸೂಜಿಯ ತಲೆ ಇಟ್ಟಳು. ನಾನು ಹಲ್ಲು ಕಚ್ಚಿ ಕೂತೆ.

ನೋವಿಲ್ಲ. ಏನೇನೂ ಇಲ್ಲ.

“ಗ್ಲೋಮಸ್ ಇರಬೇಕು” ಎಂದಳು. “ರಕ್ತ ತಡೆದರೆ ನೋವು ನಿಲ್ಲುತ್ತದೆ.” ನಾನು ಅಳಲು ಶುರು ಮಾಡಿದೆ. ಇವರು, ಪಟ್ಟಿ ಬಿಗಿಯಾಯಿತೇನೋ ಸಡಿಲು ಮಾಡಿ ಎಂದು ಅವಳಿಗೆ ಹೇಳಿದರು. ನಾನು ಅತ್ತದ್ದು ಪಟ್ಟಿಗಲ್ಲ. ನನಗೆ ಅವ್ವನ ದಾರ ಕಣ್ಣಿಗೆ ಬಂತು.

ನೆನಪಿದೆಯೇ ನಿನಗೆ? ಅವ್ವ ಚಳಿಗಾಲ ಬಂತೆಂದರೆ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಕರಿದಾರ ಬಿಗಿದು ಕಟ್ಟಿಕೊಳ್ಳುತ್ತಿದ್ದಳು, ಬೆರಳು ಬಿಳಿಚುವಷ್ಟು. “ದಾರ ಬಿಗದ್ರ ಅದು ಸುಮ್ಮನಾಗತದ” ಎನ್ನುತ್ತಿದ್ದಳು. ಅಪ್ಪ, “ನಿಮ್ಮವ್ವ ಕಾಲಿಗೂ ತಾಳಿ ಕಟ್ಟಿಕೊಂಡಾಳ” ಎಂದು ಕಾಡುತ್ತಿದ್ದರು. ಓಣಿಯವರು ಯಾರದೋ ದೃಷ್ಟಿ ತೆಗೆಸಿಕೊಂಡಿದ್ದಾಳೆ ಎಂದುಕೊಂಡರು. ನಾವಿಬ್ಬರೂ ಓದಿದವರು, ಮೂಢನಂಬಿಕೆ ಎಂದೆವು. ಅದು ವೈದ್ಯವಾಗಿತ್ತು ಅಕ್ಕಾ. ಮೂರನೇ ಇಯತ್ತೆ ಕಲಿತ ಹೆಂಗಸು ದವಾಖಾನೆಯ ಪರೀಕ್ಷೆಯನ್ನು ಬಚ್ಚಲ ಮನೆಯ ಕಟ್ಟೆಯ ಮೇಲೆ ಕೂತು ತಾನೇ ಕಂಡುಕೊಂಡಿದ್ದಳು.

ಮನೆಯಲ್ಲಿ ಇನ್ಯಾರಿಗಾದರೂ ಹೀಗಿತ್ತೇ ಎಂದು ಆರತಿ ಕೇಳಿದಳು. ಕೆಲವು ಮನೆತನಗಳಲ್ಲಿ ಬರುವುದುಂಟಂತೆ. ಅವ್ವ ಹೋಗಿ ಹನ್ನೆರಡು ವರ್ಷವಾಯಿತು. ಈಗ ಯಾರೂ ಖಾತ್ರಿಯಾಗಿ ಹೇಳಲಾರರು. ನಾನು ಹೇಳುತ್ತೇನೆ. ಇತ್ತು.

ಅತ್ತೆಯವರು ಒಳಗಿಂದ ಕರೆಯುತ್ತಿದ್ದಾರೆ, ಮಾತ್ರೆಯ ಹೊತ್ತು. ನಾಳೆ ಮುಂದುವರಿಸುತ್ತೇನೆ.

*

ಸೋಮವಾರ ಮಧ್ಯಾಹ್ನ

ಆಪರೇಶನ್ ವಿಷಯ ಬರೆಯುತ್ತೇನೆ. ನಿನಗೆ ರಕ್ತ ಕಂಡರೆ ಆಗದು, ಈ ಪರಿಚ್ಛೇದ ಬಿಟ್ಟು ಓದು. ಎಂಆರ್‌ಐ ಮಾಡಿದರು, ಈ ಸಲ ಬೆನ್ನಿನದಲ್ಲ, ಬೆರಳಿನದೇ. ಉಗುರಿನ ಕೆಳಗೆ ಬೆಳ್ಳಗೆ ಒಂದು ಕಾಳು. ಕಾಲಿನ ಗಿಣ್ಣಿನ ಸುತ್ತ ಸೂಜಿ ಚುಚ್ಚಿ ಪಾದವನ್ನಷ್ಟೇ ಮರಗಟ್ಟಿಸಿದರು. ನಾನು ಪೂರ್ತಿ ಎಚ್ಚರವಿದ್ದೆ. ಉಗುರನ್ನು ಚೀಲದ ಮುಚ್ಚಳದಂತೆ ಎತ್ತಿ, ಕೆಳಗಿನ ಮೆತ್ತನೆಯ ಭಾಗವನ್ನು ಉದ್ದಕ್ಕೆ ಸೀಳಿ, ಗಂಟನ್ನು ಬಿಡಿಸಿ ತೆಗೆದರಂತೆ. ಚೂರು ಉಳಿದರೆ ಮತ್ತೆ ಬೆಳೆಯುತ್ತದೆ, ಅದಕ್ಕೇ ದೊಡ್ಡ ಕನ್ನಡಕದೊಳಗಿಂದ ನೋಡಿಕೊಂಡು ತೆಗೆಯುತ್ತೇನೆ ಎಂದಿದ್ದಳು ಆರತಿ. ಆಮೇಲೆ ಕೂದಲೆಳೆಯಂಥ ದಾರದಿಂದ ಹೊಲಿದು ನನ್ನದೇ ಉಗುರನ್ನು ಮೇಲೆ ಕೂರಿಸಿದಳು, ಒಳಗಿನ ಗಾಯ ಮಾಯುವವರೆಗೆ ಹೊದಿಕೆಯಾಗಿರಲಿ ಎಂದು. ಎಷ್ಟು ಟಾಕಿ ಎಂದು ಕೇಳಿದೆ. ಐದು ಎಂದಳು. ಒಳಗಿನ ಹೊಲಿಗೆಯೋ ಹೊರಗಿನದೋ ಎಂದೆ. “ಕಾಕೂ, ನೀವು ಟೇಲರ್ ಏನು?” ಎಂದು ನಕ್ಕಳು. ಹೌದು ಎಂದೆ. ಇದ್ದೆ ಎನ್ನಲಿಲ್ಲ, ಹೌದು ಎಂದೆ.

ಆ ಗಂಟನ್ನು ಬಾಟಲಿಯಲ್ಲಿ ಹಾಕಿ ತೋರಿಸಿದರು. ಇಷ್ಟೇ ಇಷ್ಟು. ತಟ್ಟೆಯಲ್ಲಿ ಬಿದ್ದರೆ ಕಲ್ಲು ಎಂದು ಆರಿಸಿ ಬಿಸಾಡುತ್ತಿದ್ದೆವು.

ಇವರು ಈಗ ಸೊಸೈಟಿಯ ಬೆಂಚಿನ ಮೇಲೆ ಕೂತು ಎಲ್ಲರಿಗೂ ಏನು ಹೇಳುತ್ತಿದ್ದಾರೆ ಗೊತ್ತೇ? “ನನಗ ಮೊದಲಿಂದಲೂ ಡೌಟ್ ಇತ್ತು, ಇದು ಸಾದಾ ನೋವಲ್ಲ ಅಂತ.” ಕಿಟಕಿಯಿಂದ ಕೇಳಿಸಿತು. ಒಳಗೆ ಬಂದಾಗ ಆ ಎರಡೂವರೆ ವರ್ಷದ ಖಾಲಿ ಮಾತ್ರೆಪಟ್ಟಿಗಳ ಚೀಲವನ್ನು ಅವರ ತಾಟಿನ ಪಕ್ಕ ಇಟ್ಟೆ. ಹೊಲಿಗೆಯವಳು, ಯಾವುದನ್ನೂ ಬಿಸಾಡುವುದಿಲ್ಲ. ಚೀಲವನ್ನು ಪಕ್ಕಕ್ಕೆ ಸರಿಸಿ ಉಂಡರು. ಆ ದಿನದಿಂದ ಬೆಳಗಿನ ಚಹಾ ಅವರೇ ಮಾಡುತ್ತಿದ್ದಾರೆ. ಸಕ್ಕರೆ ಹೆಚ್ಚಾಗುತ್ತದೆ. ಕುಡಿಯುತ್ತೇನೆ, ಹೊಗಳುವುದಿಲ್ಲ.

ಇನ್ನು ನಿಜವಾದ ಜಗಳದ ಮಾತು. ಆರತಿ ಮೂರು ತಿಂಗಳು ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಯೇ ಇರಬೇಕು ಎಂದಿದ್ದಾಳೆ. ತಣ್ಣನೆಯ ಫರಸಿಗೆ ಬೆರಳು ತಾಗಬಾರದು. ಮನೆಯೊಳಗೆ ಎಂದರೆ ಎಲ್ಲೆಲ್ಲಿ? ನಮ್ಮ ಅತ್ತೆ ಕೃಷ್ಣಾಬಾಯಿಯವರ ಮನೆಯಲ್ಲಿ ಚಪ್ಪಲಿ ಬಾಗಿಲ ಹೊರಗೆ. ಅಡಿಗೆಮನೆ ಎಂದರೆ ಅವರಿಗೆ ದೇವರ ಮನೆಯ ಅಂಗಳ. ಎಂಬತ್ತಾರು ವರ್ಷವಾಗಿದೆ, ಕೈ ನಡುಗುತ್ತದೆ, ಆದರೆ ಮಡಿ ನಡುಗಿಲ್ಲ. ನಾನು ಈ ಮನೆಗೆ ಬಂದ ಮೂವತ್ತೈದು ವರ್ಷದಲ್ಲಿ ಅಡಿಗೆಮನೆಯ ಹೊಸ್ತಿಲು ದಾಟಿದ ಚಪ್ಪಲಿ ಒಂದೇ. ನಿನಗೆ ಗೊತ್ತು ಯಾವುದು. ನೀನೇ ಕೊಡಿಸಿದ್ದು.

ಧಾರವಾಡದ ಸುಭಾಸ್ ರೋಡಿನಲ್ಲಿ ನಾಲ್ಕು ಅಂಗಡಿ ತಿರುಗಿ ಅವ್ವನಿಗೆ ಆ ನೀಲಿ ಪಟ್ಟಿಯ ಮೆತ್ತನೆ ಚಪ್ಪಲಿ ತಂದಿದ್ದೆ ನೀನು. ಒಳಗೆ ಹಾಕಿಕೊಳ್ಳಲೆಂದೇ, ಹೊರಗೆ ಒಂದು ಹೆಜ್ಜೆಯನ್ನೂ ಇಡದ ಚಪ್ಪಲಿ. ಹದಿನೈದು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಅವ್ವ ಅದನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ನಮ್ಮ ಹಳೆಯ ಕ್ವಾರ್ಟರ್ಸಿಗೆ ಬಂದಳು. ಒಂದು ತಿಂಗಳು ಇರಲು ಬಂದವಳು ಹನ್ನೆರಡೇ ದಿನಕ್ಕೆ ಹೊರಟಳು. ಧಾರವಾಡದಲ್ಲಿ ಇಳಿದಾಗ ಕುಂಟುತ್ತಿದ್ದಳು, ಚೀಲದಲ್ಲಿ ಆ ಚಪ್ಪಲಿ ಇರಲಿಲ್ಲ, ರೈಲಿನಲ್ಲಿ ಬಿಟ್ಟೆ ಎಂದಳು. ಆಗ ನೀನು ಫೋನ್ ಮಾಡಿ ಕೇಳಿದಾಗ ನಾನು ಏನು ಹೇಳಿದ್ದೆ? ನಮ್ಮ ಅತ್ತೆಯ ಮಡಿ ತಾಳಲಾರದೆ ಅವ್ವ ಹೋದಳು ಎಂದಿದ್ದೆ. ಅಂದಿನಿಂದ ನೀನು ಅತ್ತೆಯವರ ಜೊತೆ ಮಾತು ಬಿಟ್ಟೆ. ನನ್ನ ಮಗಳ ಮದುವೆಯಲ್ಲೂ ಎದುರಿಗೆ ಬಂದರೆ ಮುಖ ತಿರುಗಿಸಿದೆ. ಅವರು ಎರಡು ಸಲ ಕೇಳಿದರು, “ಭಾಮಾ ಯಾಕ ಹಿಂಗ?” ಎಂದು. ನಾನು ಏನೋ ಹೇಳಿ ಹಾರಿಸಿದೆ.

ಆ ಸಿಟ್ಟು ನನ್ನಲ್ಲೂ ಇತ್ತು. ಅವ್ವನ ಕಾಲಿಗೆ ಜಾಗ ಕೊಡದ ಅಡಿಗೆಮನೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಈಗ ನನ್ನ ಕಾಲಿನ ಸರದಿ ಬಂದಿತ್ತು. ಶುಕ್ರವಾರ ಬೆಳಿಗ್ಗೆ ಬೇಕೆಂದೇ, ಅತ್ತೆಯವರು ಒಳಗೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದಾಗ, ಹೊಸ ಚಪ್ಪಲಿ ಹಾಕಿಕೊಂಡು ಫಟ್ ಫಟ್ ಎಂದು ಸದ್ದು ಮಾಡುತ್ತಾ ಹೊಸ್ತಿಲು ದಾಟಿದೆ. ಒಂದು ಮಾತು ಬರಲಿ, ಮೂವತ್ತೈದು ವರ್ಷದ್ದನ್ನೆಲ್ಲ ಇವತ್ತು ಕಕ್ಕುತ್ತೇನೆ ಎಂದು ಸೊಂಟಕ್ಕೆ ಸೆರಗು ಸಿಗಿಸಿಯೇ ಹೋಗಿದ್ದೆ. ಇವರು ಚಹಾದ ಪಾತ್ರೆ ಹಿಡಿದುಕೊಂಡು ಮೂಲೆಗೆ ಸರಿದರು.

ಅತ್ತೆಯವರು ಚಪ್ಪಲಿ ನೋಡಿದರು. ನನ್ನ ಮುಖ ನೋಡಿದರು. ಜಗಳ ಆಗಲಿಲ್ಲ. ಅಷ್ಟೇ ಇರಲಿ.

ಸಾಬವ್ವನಿಗೆ ನನ್ನ ಎರಡನೇ ಮಶೀನು ಕೊಟ್ಟಿದ್ದೇನೆ. ಮಧ್ಯಾಹ್ನ ಒಂದು ತಾಸು ಕಲಿಯಲು ಕೂರುತ್ತಾಳೆ. ಮೊದಲ ದಿನವೇ ಗೆರೆ ನೆಟ್ಟಗೆ ಬಂತು. ಟಾಕಿ ಬಿಚ್ಚಿದ ಮೇಲೆ ಫೆಬ್ರುವರಿಯಿಂದ ಕ್ಲಾಸು ಮತ್ತೆ ಶುರು ಮಾಡುತ್ತೇನೆ, ಇವರನ್ನು ಕೇಳಿಲ್ಲ, ತಿಳಿಸಿದ್ದೇನೆ. ನಿನಗೆ ಒಂದು ಮಾತು: ನಿನ್ನ ಬೆರಳುಗಳನ್ನೂ ನೋಡಿಕೋ. ನಿನ್ನ ಮಗ ಚೇತನನ ಮಗಳ ಬೆರಳುಗಳನ್ನೂ. ಎಲ್ಲಿಯಾದರೂ ತಣ್ಣೀರಿಗೆ ಚುರ್ ಎಂದರೆ ಬೇವಿನ ಎಣ್ಣೆ ಹಚ್ಚಿ ಕೂರಬೇಡ. ಆ ಕೂಸಿಗೆ ನನ್ನ ಆಶೀರ್ವಾದ. ಯಾರಾದರೂ ಅದಕ್ಕೆ ‘ನಾಟಕ ಮಾಡಬ್ಯಾಡ’ ಎಂದರೆ ನನಗೆ ತಿಳಿಸು, ಕುಂಟುತ್ತಲೇ ಬರುತ್ತೇನೆ.

ಭಾವನವರಿಗೆ ನಮಸ್ಕಾರ. ನೀನು ದೊಡ್ಡವಳು, ನನ್ನನ್ನು ಹರಸು. ಇದನ್ನು ಪೂರ್ತಿ ಓದಿದ ಮೇಲೂ ಮನಸ್ಸಾದರೆ ಹರಸು.

ನಿನ್ನ ತಂಗಿ,
ನೀಲಿಮಾ

ತಾ.ಕ. ಲಕೋಟೆಗೆ ಅಂಟು ಹಚ್ಚಿದ್ದೆ. ಬಿಚ್ಚಿದ್ದೇನೆ. ಶುಕ್ರವಾರ ಅತ್ತೆಯವರು ಅಂದದ್ದನ್ನು ಬರೆಯದೆ ಕಳಿಸಿದರೆ ನಾನು ಆ ಮೂಳೆ ಡಾಕ್ಟರಿಗಿಂತ ಕಡೆ.

ಅವರು ಚಪ್ಪಲಿ ನೋಡಿ ಹೇಳಿದ್ದು ಇದು: “ಹಾಕ್ಕೋ ತಂಗಿ, ಕಾಲಗಿಂತ ಮಡಿ ದೊಡ್ಡದೇನ? ನಿಮ್ಮವ್ವ ಹಾಕ್ಕೊಂಡಾಗರ ನಾ ಏನಂದಿದ್ದೆ? ಬಂದ ದಿನಾನ ನನಗ ಹೇಳಿದ್ದಳು ಪಾಪ, ಬೆರಳು ನೋಯತದ ವೈನಿ ಅಂತ. ಆಕೀಗೆ ಬಗ್ಗಲಿಕ್ಕೆ ಆಗತಿದ್ದಿಲ್ಲ. ಆ ಕರಿದಾರ ದಿನಾ ನಾನ ಕೂತು ಕಟ್ಟತಿದ್ದೆ. ಚಪ್ಪಲಿ ನೀನ ಕಸದ ಗಾಡಿಗೆ ಹಾಕಿದಿ.”

ಹೌದು ಅಕ್ಕಾ. ಚಂಪಾಷಷ್ಠಿಯ ದಿನ ಇವರ ಕಡೆಯ ಹೆಂಗಸರು ಊಟಕ್ಕೆ ಬರುವವರಿದ್ದರು. ಅವ್ವ ಚಪ್ಪಲಿ ಹಾಕಿಕೊಂಡು ಒಲೆಯ ಮುಂದೆ ನಿಂತು ಹೋಳಿಗೆ ಬೇಯಿಸುತ್ತಿದ್ದಳು. ಅತ್ತೆಯವರು ಏನೂ ಅಂದಿರಲಿಲ್ಲ. ಅನ್ನುತ್ತಾರೆ ಎಂದು ನಾನೇ ಹೆದರಿದೆ. “ಅವ್ವಾ, ಇದು ನಿನ್ನ ಮನಿ ಅಲ್ಲ, ಸಾಕು ನಾಟಕ” ಎಂದು ಅವಳ ಕಾಲಿನಿಂದ ಎಳೆದುಕೊಂಡು ಹೊರಗೆ ನಿಂತಿದ್ದ ಕಸದ ಗಾಡಿಗೆ ಹಾಕಿ ಬಂದೆ. ಅವಳು ಹೋಳಿಗೆ ತಿರುವಿ ಹಾಕಿದಳು. ಆಮೇಲೆ ಉಳಿದ ದಿನಗಳೆಲ್ಲ ಆ ಶಹಾಬಾದಿ ಫರಸಿಯ ಮೇಲೆ ಬರಿಗಾಲಲ್ಲಿ ನಿಂತಳು. ನಾನು ಏಳು ವರ್ಷ ಎಲ್ಲರ ಬಾಯಿಂದ ಕೇಳಿದ ಮಾತನ್ನು ಅವಳಿಗೆ ಮೊದಲು ಆಡಿದವಳು ನಾನೇ.

ಚಪ್ಪಲಿ ರೈಲಿನಲ್ಲಿ ಉಳಿಯಲಿಲ್ಲ. ಅವು ರೈಲು ಹತ್ತಲೇ ಇಲ್ಲ. ಅತ್ತೆಯವರಿಗೆ ಒಂದು ಫೋನ್ ಮಾಡು, ಹದಿನೈದು ವರ್ಷದ ನಿನ್ನ ಸಿಟ್ಟನ್ನು ತಪ್ಪು ವಿಳಾಸಕ್ಕೆ ಕಳಿಸಿದವಳು ನಾನು. “ಒಂದು ಜೋಡು ಚಪ್ಪಲಿ ಕಾಯ್ಕೊಳ್ಳಲಿಕ್ಕೆ ಬರಲಿಲ್ಲೇನ ನಿನಗ, ಇನ್ನ ಕೊಡಸೂದಿಲ್ಲ ನೋಡು” ಎಂದು ನೀನು ಸ್ಟೇಶನ್ನಿನಲ್ಲೇ ಅವ್ವನಿಗೆ ಬೈದೆಯಂತೆ, ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳಂತೆ. ನೀನೇ ಹೇಳಿದ್ದೆ. ಆ ಬೈಗುಳ ನನ್ನದು ಅಕ್ಕಾ. ಅವಳಿಂದ ವಾಪಸ್ಸು ತೆಗೆದುಕೊಂಡು ನನಗೆ ಕೊಡು.